ಗಂಟು ಎಣಿಸುವವಳು

ಕತ್ತರಿ ಅಕ್ಕನಿಗೆ ಆ ಹೆಸರು ಬಂದದ್ದು ಬಾಯಿ ಹರಿತ ಎಂಬ ಕಾರಣಕ್ಕಲ್ಲ. ಬಾಯಿಯೂ ಹರಿತವೇ, ಅದು ಬೇರೆ ಮಾತು. ಮೂವತ್ತನಾಲ್ಕು ವರ್ಷಗಳ ಹಿಂದೆ ಅವಳು ಆಸ್ಪತ್ರೆಯ ಎರಡನೇ ಮಹಡಿಯ ಲ್ಯಾಬಿಗೆ ಕೆಲಸಕ್ಕೆ ಸೇರಿದ ದಿನ ಅವಳ ಕೈಗೆ ಕೊಟ್ಟ ಮೊದಲ ಸಾಮಾನು ಒಂದು ಸಣ್ಣ ಕತ್ತರಿ. ಮೂತಿ ತುಸು ಬಾಗಿತ್ತು. ಹಿಡಿಯಲ್ಲಿ ಎರಡು ಬೆರಳಿಗಷ್ಟೇ ಜಾಗ.

ಆಗೆಲ್ಲ ವರ್ಣತಂತುಗಳನ್ನು ಎಣಿಸುವುದೆಂದರೆ ಕೈಕೆಲಸ. ಮೈಕ್ರೋಸ್ಕೋಪಿನಲ್ಲಿ ಕಂಡ ಒಂದು ಜೀವಕೋಶದ ಫೋಟೋ ತೆಗೆದು, ಕತ್ತಲೆ ಕೋಣೆಯಲ್ಲಿ ದೊಡ್ಡದಾಗಿ ಅಚ್ಚು ಹಾಕಿ, ಅದರಲ್ಲಿ ಚೆಲ್ಲಿಬಿದ್ದ ನಲವತ್ತಾರು ತುಣುಕುಗಳನ್ನು ಒಂದೊಂದಾಗಿ ಕತ್ತರಿಸಬೇಕು. ಜೋಡಿ ಹುಡುಕಬೇಕು. ಎತ್ತರದಿಂದ ಗಿಡ್ಡದವರೆಗೆ ಸಾಲಾಗಿ ನಿಲ್ಲಿಸಿ ರಟ್ಟಿಗೆ ಅಂಟಿಸಬೇಕು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ ಅವಳ ಗಂಡ ಇದನ್ನು ಕೇಳಿ, "ಅಂದ್ರೆ ಶಾಲೆಯ ಗ್ರೂಪ್ ಫೋಟೋಗೆ ಮಕ್ಕಳನ್ನ ನಿಲ್ಲಿಸೋ ಕೆಲಸ ಅನ್ನು" ಎಂದಿದ್ದ. ಅವಳು ಒಪ್ಪಿರಲಿಲ್ಲ. ಶಾಲೆಯ ಮಕ್ಕಳು ಫ್ಯಾನಿನ ಗಾಳಿಗೆ ಹಾರಿಹೋಗುವುದಿಲ್ಲ.

ಇಲ್ಲಿ ಹಾರಿಹೋದದ್ದುಂಟು. ಸೇರಿದ ಎರಡನೇ ತಿಂಗಳು ಯಾರೋ ಫ್ಯಾನ್ ಹಾಕಿದರು. ಇಪ್ಪತ್ತೊಂದನೇ ಜೋಡಿಯಲ್ಲಿ ಒಂದು ಮಾಯವಾಯಿತು. ಅಕ್ಕಿಕಾಳಿನಷ್ಟು ಕಾಗದದ ಚೂರಿಗಾಗಿ ಇಡೀ ಲ್ಯಾಬು ಎರಡು ಗಂಟೆ ನೆಲ ತಡವಿತು. ಕೊನೆಗೆ ಸಿಕ್ಕಿದ್ದು ಆಗಿನ ಮುಖ್ಯಸ್ಥರಾಗಿದ್ದ ಹಳೇ ಡಾಕ್ಟರ ಮೊಣಕೈಯಲ್ಲಿ, ಗೋಂದಿಗೆ ಅಂಟಿಕೊಂಡು. "ಒಂದು ಮಗುವಿನ ಹಣೆಬರಹ ನನ್ನ ತೋಳಿನ ಮೇಲೆ ಕೂತು ಚಹಾ ಕುಡಿಯೋಕೆ ಬಂದಿತ್ತಲ್ಲಮ್ಮ" ಎಂದರು ಅವರು.

ಅಂದಿನಿಂದ ಅವಳು ಒಂದು ರೂಢಿ ಮಾಡಿಕೊಂಡಳು. ಕತ್ತರಿ ಹಾಕುವ ಮೊದಲು ಫೋಟೋದ ಮೇಲೆ ತೆಳು ಕಾಗದ ಹಾಸಿ, ಯಾವ ತುಣುಕು ಎಲ್ಲಿ ಬಿದ್ದಿದೆ, ಅದರ ಅಕ್ಕಪಕ್ಕ ಯಾರಿದ್ದಾರೆ ಎಂದು ಪೆನ್ಸಿಲಿನಲ್ಲಿ ಗುರುತಿಸಿಟ್ಟುಕೊಳ್ಳುವುದು. ಇನ್ನೊಂದು ಸಲ ಯಾವುದಾದರೂ ಹಾರಿಹೋದರೆ ಯಾವ ಜಾಗ ಖಾಲಿ ಎಂಬುದಾದರೂ ತಿಳಿಯಲಿ ಎಂದು. ಆ ಕಾಗದಕ್ಕೆ ಲ್ಯಾಬಿನಲ್ಲಿ ನೆರೆಹೊರೆ ಚೀಟಿ ಎಂದು ಹೆಸರು ಬಿತ್ತು. ಮತ್ತೆ ಯಾವುದೂ ಹಾರಲಿಲ್ಲ, ಆದರೆ ಚೀಟಿ ಉಳಿಯಿತು.

ಹಳೇ ಡಾಕ್ಟರು ಕಲಿಸಿದ್ದು ಬಹಳ. ಅವಳು ಮರೆಯದೇ ಇದ್ದದ್ದು ಮೊದಲ ವಾರದ ಪಾಠ. ಒಂದು ಫೋಟೋ ಕೊಟ್ಟು ಎಣಿಸು ಎಂದಿದ್ದರು. ಅವಳು ಕಣ್ಣಲ್ಲಿ ಕಣ್ಣಿಟ್ಟು ಎಣಿಸಿ ತೊಂಬತ್ತೆರಡು ಎಂದಳು.

"ಮನುಷ್ಯರದ್ದಮ್ಮ ಅದು" ಎಂದರು ಡಾಕ್ಟರು.

"ಗೊತ್ತು ಸಾರ್. ಆದ್ರೂ ತೊಂಬತ್ತೆರಡಿದೆ."

ಅವರು ಬೈಯಲಿಲ್ಲ. ಮೇಜಿನ ಮೇಲಿದ್ದ ದಾರದಿಂದ ಒಂದೇ ಉದ್ದದ ಎರಡು ಎಳೆ ಕಿತ್ತು, ನಡುವೆ ಒಂದು ಗಂಟು ಹಾಕಿ ಅವಳ ಮುಂದಿಟ್ಟರು. ಕೋಶ ಒಡೆದು ಎರಡಾಗುವ ಮೊದಲು ತನ್ನ ಡಿಎನ್‌ಎ ಪೂರ್ತಿ ನಕಲು ಮಾಡಿಕೊಳ್ಳುತ್ತದೆ. ನಕಲಾದ ಮೇಲೆ ಡಿಎನ್‌ಎ ಮೊದಲಿನ ಎರಡರಷ್ಟು. ಆದರೆ ಅಸಲು, ನಕಲು ಎರಡೂ ಒಂದು ಗಂಟಿನಲ್ಲಿ ಸೇರಿಕೊಂಡಿರುವ ತನಕ ಅದು ಒಂದೇ ವರ್ಣತಂತು. ಹಾಗಾಗಿ ಡಿಎನ್‌ಎ ಇಮ್ಮಡಿಯಾದರೂ ಸಂಖ್ಯೆ ನಲವತ್ತಾರೇ. ಗಂಟು ಬಿಚ್ಚಿದ ಗಳಿಗೆಯಲ್ಲಿ ಮಾತ್ರ ತೊಂಬತ್ತೆರಡು. ಎಳೆಗಳು ಆ ಕಡೆ ಅರ್ಧ, ಈ ಕಡೆ ಅರ್ಧ ಸರಿದು ಕೋಶ ಎರಡಾದರೆ ಮತ್ತೆ ಎರಡರಲ್ಲೂ ನಲವತ್ತಾರು, ಡಿಎನ್‌ಎಯೂ ಮೊದಲಿನಷ್ಟೇ.

"ನೀನು ದಾರ ಎಣಿಸಿದೆ. ಗಂಟು ಎಣಿಸು" ಎಂದರು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ತನ್ನ ಕಸುಬಿನಿಂದಲೇ ಅರ್ಥ ಮಾಡಿಕೊಂಡ. "ಒಂದು ಹಾಳೆ, ಅದರದೇ ಇನ್ನೊಂದು ಪ್ರತಿ, ಎರಡಕ್ಕೂ ಒಂದೇ ಪಿನ್ನು. ಕಾಗದ ಡಬಲ್ಲು, ಕಟ್ಟು ಒಂದೇ. ಅಷ್ಟೇ ತಾನೆ? ಇದಕ್ಕೆ ಮೈಕ್ರೋಸ್ಕೋಪ್ ಯಾಕೆ?"

ಹದಿನೈದು ವರ್ಷದ ಹಿಂದೆ ಲ್ಯಾಬಿಗೆ ಕಂಪ್ಯೂಟರ್ ಬಂತು. ಕತ್ತಲೆ ಕೋಣೆಯಲ್ಲಿ ಪೊರಕೆ, ಬಕೆಟ್ ಇಡತೊಡಗಿದರು. ಈಗ ಪರದೆಯ ಮೇಲೆಯೇ ವರ್ಣತಂತು ಕತ್ತರಿಸಿ, ಎಳೆದು, ಸಾಲಿಗೆ ಬಿಡುವುದು. ಅರ್ಧ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಆ ಕೆಲಸಕ್ಕೆಂದು ಆರು ವರ್ಷದ ಹಿಂದೆ ಬಂದವಳು, ಒಂದು ಮಗುವಿನ ತಾಯಿ, ಅಳತೆ ಮೀರಿ ಚುರುಕು. ಬಂದ ವಾರದಲ್ಲೇ ಅಕ್ಕ ಅವಳಿಗೆ ಮೌಸಮ್ಮ ಎಂದು ಹೆಸರಿಟ್ಟಳು.

"ನೀವು ಕತ್ತರಿ, ನಾನು ಮೌಸು. ಕಡಿಯೋರು ನೀವೇ ಬಿಡಿ ಅಕ್ಕಾ" ಎಂದಳು ಮೌಸಮ್ಮ. ಆಮೇಲೆ ಇಬ್ಬರಿಗೂ ಹೊಂದಿಕೆಯಾಯಿತು.

ಪೂರ್ತಿ ಹೊಂದಿಕೆ ಎನ್ನಲಾಗದು. ಅಕ್ಕ ಪರದೆಯ ಮುಂದೆ ಕೂತು ಇನ್ನೂ ಪೆನ್ಸಿಲಿನಲ್ಲಿ ನೆರೆಹೊರೆ ಚೀಟಿ ಬರೆಯುವುದು ಮೌಸಮ್ಮನಿಗೆ ನಗು ತರಿಸುತ್ತಿತ್ತು. ಫ್ಲಾಸ್ಕಿನ ವಿಷಯದಲ್ಲಿ ಮಾತ್ರ ನಗುವಂತಿರಲಿಲ್ಲ. ಬಸಿರಿನ ನೀರಿನಲ್ಲಿ ತೇಲುವ ಮಗುವಿನ ಕೋಶಗಳನ್ನು ಚಪ್ಪಟೆ ಫ್ಲಾಸ್ಕಿನಲ್ಲಿ ಹಾಕಿ, ಮೈಯ ಬಿಸಿಯಷ್ಟೇ ಬಿಸಿ ಇರುವ ಕಪಾಟಿನಲ್ಲಿ ಹತ್ತು ಹನ್ನೆರಡು ದಿನ ಬೆಳೆಸಬೇಕು. ಅಕ್ಕ ಶುರು ಮಾಡಿದ ಫ್ಲಾಸ್ಕನ್ನು ಅಕ್ಕನೇ ಮುಗಿಸಬೇಕು. ಯಾವಾಗಲೋ ಒಮ್ಮೆ ಇನ್ನೊಬ್ಬರು ಮುಚ್ಚಳ ತೆರೆದು ಬೂಷ್ಟು ಹಿಡಿದಿತ್ತಂತೆ. "ನನ್ನ ಫ್ಲಾಸ್ಕಿಗೆ ಯಾರೂ ಕೈ ಹಚ್ಚಬಾರದು" ಎಂಬ ಮಾತು ಆ ಕಪಾಟಿನ ಬಾಗಿಲ ಮೇಲೆ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಮೌಸಮ್ಮ ಬಂದ ಹೊಸತರಲ್ಲಿ ಒಂದು ಫ್ಲಾಸ್ಕನ್ನು ಬರೀ ಬೆಳಕಿಗೆ ಹಿಡಿದು ನೋಡಿದ್ದಕ್ಕೆ ಅರ್ಧ ಗಂಟೆ ಬೈಸಿಕೊಂಡಿದ್ದಳು.

ಬೆಳೆದ ಕೋಶಗಳಿಗೆ ಒಂದು ಮದ್ದು ಹಾಕುತ್ತಾರೆ. ವರ್ಣತಂತುಗಳು ದಪ್ಪವಾಗಿ, ಬಿಡಿಬಿಡಿಯಾಗಿ ಕಾಣುವುದು ಕೋಶ ಒಡೆಯಲು ಹೊರಟ ಸ್ವಲ್ಪ ಹೊತ್ತು ಮಾತ್ರ. ಮದ್ದು ಕೋಶವನ್ನು ಆ ಘಟ್ಟದಲ್ಲಿ ತಡೆದು ನಿಲ್ಲಿಸುತ್ತದೆ. ಲ್ಯಾಬಿನ ಮಾತಿನಲ್ಲಿ ಅದು 'ತಡೆ'. ಸಂಜೆ ಐದಕ್ಕೆ ತಡೆ ಹಾಕಿದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ಕೋಶಗಳನ್ನು ಬಿಡಿಸಿಕೊಳ್ಳುವುದು, ಅದು 'ಕೊಯ್ಲು'. ನಡುವೆ ಹದಿನೈದು ಗಂಟೆ. ಲ್ಯಾಬಿನ ದಪ್ಪ ಪುಸ್ತಕದಲ್ಲಿ ಪ್ರತಿ ಫ್ಲಾಸ್ಕಿಗೂ ಒಂದು ಸಾಲು, ಸಾಲಿನಲ್ಲಿ 'ತಡೆಯ ಅವಧಿ' ಎಂಬ ಖಾನೆ. ಆ ಖಾನೆಯಲ್ಲಿ ಅಕ್ಕ ಮೂವತ್ತನಾಲ್ಕು ವರ್ಷವೂ ಬರೆದದ್ದು ಒಂದೇ ಪದ: ರೂಢಿಯಂತೆ. ರ ಮತ್ತು ಢ ಕೂಡಿಕೊಂಡು ಈಗ ಅದು ಪದಕ್ಕಿಂತ ಹೆಚ್ಚಾಗಿ ಸಹಿಯ ಹಾಗೆ ಕಾಣುತ್ತಿತ್ತು.

ನಿವೃತ್ತಿಗೆ ಆರು ವಾರ ಉಳಿದಿರುವಾಗ ಮುನ್ನೂರ ಹದಿನೆಂಟು ಬಂತು.

ಹೆಸರು ಕೇಳುವ ಅಭ್ಯಾಸ ಅಕ್ಕನಿಗಿರಲಿಲ್ಲ. ಅವಳಿಗೆ ಎಲ್ಲರೂ ನಂಬರುಗಳೇ. ಜೊತೆಗೆ ಬಂದ ಚೀಟಿಯಲ್ಲಿದ್ದದ್ದು ಇಷ್ಟು: ತಾಯಿಯ ವಯಸ್ಸು ಮೂವತ್ತಾರು, ಐದನೇ ತಿಂಗಳು, ಸ್ಕ್ಯಾನಿನಲ್ಲಿ ಮಗುವಿನ ಬೆಳವಣಿಗೆ ನಿಧಾನ. ನೀರು ಬಂದದ್ದೇ ಸ್ವಲ್ಪ. ಎರಡು ಫ್ಲಾಸ್ಕ್ ಹಾಕಿದಳು. ಒಂದಕ್ಕೆ ಬೂಷ್ಟು ಹಿಡಿಯಿತು. ಉಳಿದ ಒಂದು ಹನ್ನೊಂದನೇ ದಿನ ಕೊಯ್ಲಿಗೆ ಬಂತು. ಮಂಗಳವಾರ ಸಂಜೆ ಅದರಿಂದ ಒಂದಿಷ್ಟು ಕೋಶ ತೆಗೆದು ಬೇಕಾದರೆ ಮತ್ತೆ ಬೆಳೆಸಿಕೊಳ್ಳಲು ಪುಟ್ಟ ಫ್ಲಾಸ್ಕಿನಲ್ಲಿ ಬೀಜಕ್ಕೆಂದು ಎತ್ತಿಟ್ಟು, ಉಳಿದದ್ದಕ್ಕೆ ಐದು ಗಂಟೆಗೆ ತಡೆ ಹಾಕಿದಳು.

ಬುಧವಾರ ಬೆಳಿಗ್ಗೆ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಲು ಊರಿನ ಆ ತುದಿಯ ಕಚೇರಿಗೆ ಹೋಗಬೇಕಿತ್ತು. ಏಳಕ್ಕೆ ಹೋದರೆ ಎಂಟೂವರೆಗೆ ಲ್ಯಾಬಿನಲ್ಲಿ ಎಂದು ಅವಳ ಲೆಕ್ಕ. ಕಚೇರಿಯಲ್ಲಿ ಅವಳ ಹುಟ್ಟಿದ ದಿನಾಂಕ ಒಂದು ಕಾಗದದಲ್ಲಿ ಒಂದು ತರ, ಇನ್ನೊಂದರಲ್ಲಿ ಇನ್ನೊಂದು ತರ ಇತ್ತು. ಗುಮಾಸ್ತ, "ನೀವು ಯಾವಾಗ ಹುಟ್ಟಿದ್ದು ಅಂತ ನೀವೇ ಹೇಳಿದ್ರೆ ಆಗಲ್ಲ" ಎಂದ. ಹುಟ್ಟಿದ್ದನ್ನು ರುಜುವಾತು ಮಾಡಿ ಮುಗಿಸುವಾಗ ಸಂಜೆ ನಾಲ್ಕೂವರೆ. ಲ್ಯಾಬಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಸರದಿಯಲ್ಲಿ ನಿಂತು ತಲೆ ಚಿಟ್ಟು ಹಿಡಿದವಳಿಗೆ ಫ್ಲಾಸ್ಕಿನ ನೆನಪಾದದ್ದು ಬಸ್ಸಿನಲ್ಲಿ, ಲ್ಯಾಬು ಮುಚ್ಚುವ ಹೊತ್ತಿಗೆ. ಗುರುವಾರ ಎಂಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೊಯ್ಲು ಮಾಡಿದಳು. ಪುಸ್ತಕ ತೆರೆದು ಕೊಯ್ಲಿನ ತಾರೀಖು ಬರೆದಳು. ಪಕ್ಕದ ಖಾನೆಯಲ್ಲಿ ಕೈ ತನ್ನ ಪಾಡಿಗೆ ಬರೆಯಿತು: ರೂಢಿಯಂತೆ.

ಶುಕ್ರವಾರ ಸ್ಲೈಡು ಮಾಡಿದಳು. ತಣ್ಣೀರಿನಲ್ಲಿ ಅದ್ದಿದ ಗಾಜಿನ ಮೇಲೆ ಒಂದು ಗೇಣು ಎತ್ತರದಿಂದ ಹನಿ ಬಿಟ್ಟು, ಮೇಲೆ ಒಮ್ಮೆ ಬಾಯಿಂದ ಬೆಚ್ಚಗೆ ಉಸಿರು ಬಿಡುವುದು ಅವಳ ಪದ್ಧತಿ. ಹನಿ ಚೆನ್ನಾಗಿ ಒಡೆಯಿತು. ವರ್ಣತಂತುಗಳು ನೆಲಕ್ಕೆ ಚೆಲ್ಲಿದ ಕಡ್ಡಿಗಳ ಹಾಗೆ ಬಿಡಿಬಿಡಿಯಾಗಿ ಹರಡಿಕೊಂಡವು.

ಸೋಮವಾರ ಹನ್ನೊಂದು ಗಂಟೆಗೆ ಮೌಸಮ್ಮ ಕರೆದಳು. "ಅಕ್ಕಾ, ಸ್ವಲ್ಪ ಬನ್ನಿ. ಇವನಿಗೆ ತಲೆ ಕೆಟ್ಟಿದೆಯಾ ನೋಡಿ." ಅವಳಿಗೆ ಕಂಪ್ಯೂಟರ್ ಯಾವಾಗಲೂ ಗಂಡಸು.

ಪರದೆಯ ಮೇಲಿನ ಸಾಲುಗಳಲ್ಲಿ ಎರಡೆರಡು ನಿಲ್ಲಬೇಕಾದ ಕಡೆ ನಾಲ್ಕು ನಾಲ್ಕು ನಿಂತಿದ್ದವು. ಕೆಳಗೆ ಸಂಖ್ಯೆ ತೊಂಬತ್ತೆರಡು.

"ದಾರ ಎಣಿಸಿದ್ದಾನಾ?" ಎಂದಳು ಅಕ್ಕ.

"ಇಲ್ಲ ಅಕ್ಕಾ. ನಾನೇ ಗಂಟು ಎಣಿಸ್ದೆ. ತೊಂಬತ್ತೆರಡು ಗಂಟು."

ಇಪ್ಪತ್ತು ಕೋಶ ನೋಡಿದರು. ಹನ್ನೊಂದರಲ್ಲಿ ನಲವತ್ತಾರು, ಒಂಬತ್ತರಲ್ಲಿ ತೊಂಬತ್ತೆರಡು.

ಲ್ಯಾಬಿನ ಈಗಿನ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು; ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಅಳೆದು ಆಡುವವರು. ಅವರು ಬಂದು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ಬುಧವಾರ ಮೂರು ಗಂಟೆಗೆ ಅವರು ರಿಪೋರ್ಟಿಗೆ ಬರ್ತಾರೆ. ಅವರ ಡಾಕ್ಟರಿಗೆ ಈಗಲೇ ಒಂದು ಮಾತು ಹೇಳಿರ್ತೀನಿ. ಮಗುವಿನ ಕೋಶಗಳೇ ಹೀಗಿದ್ರೆ ಮಗು ಉಳಿಯೋದು ಇಲ್ಲ ಅಂತಲೇ ಲೆಕ್ಕ. ಸ್ಕ್ಯಾನಿನ ಮಾತಿಗೂ ಇದಕ್ಕೂ ತಾಳೆ ಆಗುತ್ತೆ. ಬಸಿರು ಮುಂದುವರಿಸೋದೋ ಬೇಡವೋ ಅಂತ ಅವರು ಯೋಚನೆ ಮಾಡಬೇಕಾಗುತ್ತೆ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರೂ ಅಕ್ಕ ಪರದೆಯ ಮುಂದೆ ಕೂತೇ ಇದ್ದಳು. ಸಾಲುಗಳನ್ನು ಮುಚ್ಚಿ, ಕತ್ತರಿಸುವ ಮುಂಚಿನ ಮೂಲ ಚಿತ್ರ ತೆರೆದಳು. ಸಾಲಿಗೆ ನಿಲ್ಲಿಸಿದ ಮೇಲೆ ಆ ಚಿತ್ರವನ್ನು ಮತ್ತೆ ತೆರೆಯುವವರು ಅವಳೊಬ್ಬಳೇ. ಕಾಗದ, ಪೆನ್ಸಿಲು ತೆಗೆದು ನೆರೆಹೊರೆ ಚೀಟಿ ಶುರು ಮಾಡಿದಳು.

ಸಾಮಾನ್ಯವಾಗಿ ಚೀಟಿಯಲ್ಲಿ ವರ್ಣತಂತುಗಳ ಜೋಡಿ ಸಂಖ್ಯೆಗಳು ಕಲಸಿಹೋಗಿರುತ್ತವೆ. ಮೂರರ ಪಕ್ಕ ಹದಿನೇಳು, ಅದರ ಮಗ್ಗುಲಲ್ಲಿ ಎಂಟು. ಒಂದೇ ಸಂಖ್ಯೆಯ ಎರಡು ಅಕ್ಕಪಕ್ಕ ಬೀಳುವುದು ಅಪರೂಪ. ಇಲ್ಲಿ ಮೂರರ ಪಕ್ಕ ಮೂರು. ಹನ್ನೊಂದರ ಪಕ್ಕ ಹನ್ನೊಂದು. ಆಚೆ ಮೂಲೆಯಲ್ಲಿ ಮತ್ತೊಂದು ಮೂರರ ಪಕ್ಕ ಮತ್ತೊಂದು ಮೂರು. ಮಗ್ಗುಲಿಗೆ ಮಗ್ಗುಲು ಹಚ್ಚಿ ಮಲಗಿದ ನಲವತ್ತಾರು ಜೊತೆ. ಇನ್ನೊಂದು ಕೋಶ ತೆರೆದಳು; ಹಾಗೇ. ಒಂಬತ್ತೂ ಹಾಗೇ.

ಪೆನ್ಸಿಲು ಕೆಳಗಿಟ್ಟು ಲೆಕ್ಕ ಹಾಕಿದಳು. ಮಗು ಶುರುವಿನಿಂದಲೇ ತೊಂಬತ್ತೆರಡರದ್ದಾಗಿದ್ದರೆ ಈ ಕೋಶಗಳು ಎಷ್ಟೋ ಸಲ ಒಡೆದು ಬಂದಿರಬೇಕು. ಪ್ರತಿ ಸಲ ಒಡೆಯುವಾಗಲೂ ನಕಲುಗಳು ಬೇರೆಯಾಗಿ, ಕಲಸಿ, ಎಲ್ಲೆಲ್ಲೋ ಚೆದುರಿಹೋಗಿರಬೇಕು. ಇವು ಇನ್ನೂ ಪಕ್ಕ ಬಿಟ್ಟು ಕದಲಿಲ್ಲ. ಅಂದರೆ ಕೋಶ ಒಮ್ಮೆ ಡಿಎನ್‌ಎ ನಕಲು ಮಾಡಿಕೊಂಡಿದೆ, ಒಡೆಯುವುದನ್ನು ಬಿಟ್ಟಿದೆ, ಮತ್ತೊಮ್ಮೆ ನಕಲು ಮಾಡಿಕೊಂಡಿದೆ. ಆಗಿರುವುದು ಕೊನೆಯ ಒಂದೇ ಸುತ್ತಿನಲ್ಲಿ. ತಾಯಿಯ ಹೊಟ್ಟೆಯಲ್ಲಿ ಅಲ್ಲ, ಫ್ಲಾಸ್ಕಿನ ಹೊಟ್ಟೆಯಲ್ಲಿ.

ಯಾಕೆ ಆಯಿತು ಎಂಬುದಕ್ಕೂ ಉತ್ತರ ಕೂಡಲೇ ಬಂತು. ಬಂದದ್ದನ್ನು ಅವಳು ಒಂದು ಪಕ್ಕಕ್ಕೆ ಸರಿಸಿದಳು. ತಡೆ ಹೆಚ್ಚು ಹೊತ್ತು ಕೂತರೆ ಕೆಲವು ಕೋಶಗಳು ಒಡೆಯುವ ಆಸೆ ಬಿಟ್ಟು ಹೀಗೇ ಮಾಡುತ್ತವೆ. ಹಳೇ ಡಾಕ್ಟರು ಇದನ್ನೂ ಕಲಿಸಿದ್ದರು.

ಚೀಟಿ ಹಿಡಿದು ಡಾಕ್ಟರಮ್ಮನ ಕೋಣೆಗೆ ಹೋದಳು. ಮೌಸಮ್ಮನೂ ಅಲ್ಲಿದ್ದಳು. ಅಕ್ಕ ವಿವರಿಸಿದಳು, ಮೊದಲ ಅರ್ಧವನ್ನು ಮಾತ್ರ.

ಡಾಕ್ಟರಮ್ಮ ಚೀಟಿಯನ್ನು ಬಹಳ ಹೊತ್ತು ನೋಡಿದರು. "ಕೊನೇ ಸುತ್ತಿನಲ್ಲಿ ಆಗಿದ್ದು ಅನ್ನೋದನ್ನ ಒಪ್ತೀನಿ. ಆದ್ರೆ ಯಾಕಾಯ್ತು? ಫ್ಲಾಸ್ಕಿನಲ್ಲಿ ಒಂದೋ ಎರಡೋ ಕೋಶ ಹೀಗಾಗೋದು ಉಂಟು. ಇಪ್ಪತ್ತರಲ್ಲಿ ಒಂಬತ್ತು? ಕೋಶದಲ್ಲೇ ಏನೋ ದೋಷ ಇದ್ದು ಹೀಗೆ ಜಾರ್ತಾ ಇರಬಹುದಲ್ಲ?"

"ಬೀಜದ ಫ್ಲಾಸ್ಕಿದೆ. ಇವತ್ತು ನಾಳೆಯಲ್ಲಿ ಕೊಯ್ಲಿಗೆ ಬರುತ್ತೆ" ಎಂದಳು ಅಕ್ಕ.

"ಅದು ಸರಿ ಬಂದ್ರೆ? ಒಂದು ಫ್ಲಾಸ್ಕ್ ಹೀಗೆ ಹೇಳುತ್ತೆ, ಇನ್ನೊಂದು ಹಾಗೆ. ಕಾರಣ ಇಲ್ಲದೆ ಒಂದನ್ನ ತೆಗೆದುಹಾಕೋದು ಅಂದ್ರೆ ನಮಗೆ ಬೇಕಾದ ಉತ್ತರ ಆರಿಸಿಕೊಂಡ ಹಾಗೆ. ಎರಡನ್ನೂ ಬರೀಬೇಕಾಗುತ್ತೆ; ಆ ತಾಯಿ ಅದನ್ನ ಓದ್ಕೊಂಡು ಏನು ಮಾಡಬೇಕು?" ಡಾಕ್ಟರಮ್ಮ ಪುಸ್ತಕ ಎಳೆದುಕೊಂಡು ಸಾಲಿನ ಮೇಲೆ ಬೆರಳಾಡಿಸಿದರು. "ತಡೆ ಜಾಸ್ತಿ ಹೊತ್ತು ಇದ್ದಿದ್ರೆ ಅರ್ಥ ಆಗ್ತಿತ್ತು. ಇಲ್ಲಿ ರೂಢಿಯಂತೆ ಅಂತಿದೆ. ನಿಮ್ಮ ಕೈಬರಹ, ಅನುಮಾನ ಪಡೋ ಹಾಗೇ ಇಲ್ಲ."

ಅಕ್ಕ ಬಾಯಿ ತೆರೆದಳು. ಮೌಸಮ್ಮ ತನ್ನ ಕಾಲಿನ ಬೆರಳು ನೋಡುತ್ತಿದ್ದಳು.

"ನೋಡೋಣ" ಎಂದು ಅಕ್ಕ ಹೊರಗೆ ಬಂದಳು.

ಡಾಕ್ಟರಮ್ಮನ ಮೇಜಿನಿಂದ ಎರಡು ವಾರದ ಹಿಂದೆ ಆಡಳಿತಕ್ಕೆ ಒಂದು ಕಾಗದ ಹೋಗಿತ್ತು. ನಿವೃತ್ತಿಯ ನಂತರ ಅಕ್ಕನನ್ನು ಒಂದು ವರ್ಷ ಉಳಿಸಿಕೊಂಡು, ಬೇರೆ ಆಸ್ಪತ್ರೆಗಳಿಂದ ಬರುವವರಿಗೆ ಕಲಿಸಲು ಕೂರಿಸಬೇಕೆಂದು. ಕಾಗದದಲ್ಲಿ 'ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ತಪ್ಪೂ ಇಲ್ಲದ ದಾಖಲೆ' ಎಂಬ ಸಾಲಿತ್ತು. ಅದರ ಪ್ರತಿಯನ್ನು ಅಕ್ಕ ಮನೆಗೆ ಒಯ್ದು ಗಂಡನಿಗೆ ತೋರಿಸಿದ್ದಳು. ಅವನು ಪೆನ್ಸಿಲು ತೆಗೆದು ಅದರಲ್ಲಿ ಎರಡು ಕಾಗುಣಿತದ ತಪ್ಪು ಗುರುತಿಸಿ ವಾಪಸು ಕೊಟ್ಟಿದ್ದ.

ಆ ಸಂಜೆಯೂ ಗಂಡ ಕಿಟಕಿಯ ಪಕ್ಕ ಕೂತು ದಿನಪತ್ರಿಕೆ ತಿದ್ದುತ್ತಿದ್ದ. ಅಚ್ಚುಕೂಟ ಬಿಟ್ಟು ನಾಲ್ಕು ವರ್ಷವಾದರೂ ಆ ಚಾಳಿ ಹೋಗಿರಲಿಲ್ಲ; ತಿದ್ದಿದ ಪತ್ರಿಕೆ ರದ್ದಿಗೆ ಹೋಗುತ್ತಿತ್ತು, ಊರಿನಲ್ಲೇ ಅತ್ಯಂತ ಶುದ್ಧವಾದ ರದ್ದಿ.

"ರೀ, ಪುಸ್ತಕ ಅಚ್ಚಾದ ಮೇಲೆ ತಪ್ಪು ಸಿಕ್ಕಿದ್ರೆ ಏನ್ ಮಾಡ್ತಿದ್ರಿ?"

"ಒಪ್ಪೋಲೆ ಹಾಕ್ತಿದ್ವಿ. ಇಂಥ ಪುಟ, ಇಂಥ ಸಾಲು, ಇದು ತಪ್ಪು, ಇದು ಒಪ್ಪು. ಒಂದು ಚೀಟಿ ಹಿಂದೆ ಅಂಟಿಸಿದ್ರೆ ಮುಗೀತು."

"ಯಾರೂ ನೋಡದ ತಪ್ಪಾದ್ರೆ?"

"ಯಾರೂ ನೋಡ್ದೇ ಇದ್ರೆ ನಿನಗೆ ಹೇಗೆ ಗೊತ್ತಾಯ್ತು?"

ಅವನು ಪತ್ರಿಕೆ ಮಡಿಸಿದ. ಮೂವತ್ತೈದು ವರ್ಷ ಜೊತೆಗಿದ್ದವನಿಗೆ ಅವಳು ಸುತ್ತಿ ಬಳಸಿ ಕೇಳುವುದರ ಬಗೆಗಳು ಗೊತ್ತಿದ್ದವು.

"ದೊಡ್ಡ ತಪ್ಪಾ?"

"ಒಂದೇ ಪದ."

"ಒಂದೇ ಪದ ಅನ್ಬೇಡ. ಒಂದು ಸಲ ಪಠ್ಯಪುಸ್ತಕದಲ್ಲಿ 'ಕುಡಿಯಬಾರದು' ಅನ್ನೋ ಕಡೆ 'ಕುಡಿಯಬಹುದು' ಅಂತ ಬಿಟ್ಟಿದ್ದೆ. ವಿಷದ ಪಾಠ."

"ಆಮೇಲೆ?"

"ಆಮೇಲೇನು. ನಾನೇ ಯಜಮಾನರ ಹತ್ರ ಹೋಗಿ ಹೇಳ್ದೆ. ಎರಡು ಸಾವಿರ ಪ್ರತಿಗೆ ಕೂತು ಕೈಯಲ್ಲಿ ತಿದ್ದಿದ್ವಿ. ನೀನು ಆಗ ತವರಿಗೆ ಹೋಗಿದ್ದೆ, ಹೇಳ್ಲಿಲ್ಲ."

"ಇಷ್ಟು ವರ್ಷ ಹೇಳ್ಲಿಲ್ಲ."

"ಈಗ ಹೇಳಿದ್ನಲ್ಲ."

ಮಂಗಳವಾರ ಬೆಳಿಗ್ಗೆ ಡಾಕ್ಟರಮ್ಮ ಬರುವ ಮೊದಲೇ ಅಕ್ಕ ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದಳು, ರೋಗಿಯ ಕಡೆಯವರು ಕೂರುವ ಬೆಂಚು. ಮೌಸಮ್ಮ ಬಂದು ನೋಡಿ, ಏನೂ ಕೇಳದೆ ಪಕ್ಕದಲ್ಲಿ ಕೂತಳು.

"ಹೋದ ಬುಧವಾರ ನಾನು ನೋಡ್ದೆ ಅಕ್ಕಾ" ಎಂದಳು ಮೆಲ್ಲಗೆ. "ಎರಡು ಸಲ ಕಪಾಟು ತೆಗೆದು ನೋಡ್ದೆ. ಮುಟ್ಟಿದ್ರೆ ನೀವು ಏನಂತೀರೋ ಅಂತ ಬಾಗಿಲು ಹಾಕಿದೆ. ಫೋನಾದ್ರೂ ಮಾಡಬೇಕಿತ್ತು."

"ಮಾಡಿದ್ರೂ ಮುಟ್ಟಬೇಡ ಅಂತಿದ್ದೆ" ಎಂದಳು ಅಕ್ಕ. "ನೀನು ಏನೂ ಹೇಳ್ಬೇಡ. ಫ್ಲಾಸ್ಕು ನಂದು."

ಡಾಕ್ಟರಮ್ಮ ಬಂದು ಕುರ್ಚಿಯಲ್ಲಿ ಕೂರುವ ತನಕ ಕಾದು ಹೇಳಿದಳು. "ಡಾಕ್ಟ್ರೇ, ಆ ಖಾನೆ ತಪ್ಪು. ಮುನ್ನೂರ ಹದಿನೆಂಟಕ್ಕೆ ತಡೆ ಇದ್ದದ್ದು ಹದಿನೈದು ಗಂಟೆ ಅಲ್ಲ. ಮೂವತ್ತೊಂಬತ್ತು. ನಾನು ಬುಧವಾರ ಬರಲಿಲ್ಲ. ಗುರುವಾರ ಕೊಯ್ಲು ಮಾಡ್ದೆ."

ಡಾಕ್ಟರಮ್ಮ ಪುಸ್ತಕ ತೆರೆದರು. ತಡೆ ಹಾಕಿದ ತಾರೀಖು ಒಂದು ಖಾನೆಯಲ್ಲಿತ್ತು, ಕೊಯ್ಲಿನ ತಾರೀಖು ಇನ್ನೊಂದರಲ್ಲಿ. ಎರಡೂ ಸರಿಯಾಗಿಯೇ ಇದ್ದವು. ನಿನ್ನೆ ಅವರೂ ಅವನ್ನು ತಾಳೆ ಹಾಕಿ ನೋಡದೆ, ನಡುವಿನ ಒಂದು ಪದ ನಂಬಿದ್ದರು.

"ಬರೆಯೋವಾಗ ಗೊತ್ತಿತ್ತಾ?"

ಅಕ್ಕ ಯೋಚಿಸಿದಳು. "ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಗೊತ್ತಿತ್ತು ಅಂದ್ರೂ ಪೂರ್ತಿ ನಿಜ ಅಲ್ಲ. ಕೈ ಬರೀತು, ನಾನು ನೋಡ್ತಾ ಇದ್ದೆ. ನಿನ್ನೆ ನೀವು ಓದಿದಾಗ ಮಾತ್ರ ಚೆನ್ನಾಗಿ ಗೊತ್ತಿತ್ತು."

"ನಿನ್ನೆ ಸುಮ್ಮನಿದ್ರಿ."

"ಹೌದು."

ಡಾಕ್ಟರಮ್ಮ ಫೋನು ತೆಗೆದು ಆ ತಾಯಿಯ ಡಾಕ್ಟರಿಗೆ ಮಾಡಿದರು. ಬುಧವಾರ ಬೇಡ, ಶುಕ್ರವಾರ ಬರಲಿ. ಮೊದಲ ಫ್ಲಾಸ್ಕು ನಮ್ಮ ಕಡೆಯ ತಪ್ಪಿನಿಂದ ಕೆಟ್ಟಿದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿನ್ನೆ ನಾನು ಹೇಳಿದ್ದನ್ನು ಅವರಿಗೆ ಇನ್ನೂ ಹೇಳಿರದಿದ್ದರೆ ಹೇಳಬೇಡಿ. ಆ ಕಡೆಯಿಂದ ಬಂದ ಉತ್ತರ ಅಕ್ಕನಿಗೆ ಕೇಳಿಸಲಿಲ್ಲ. ಡಾಕ್ಟರಮ್ಮ ಫೋನಿಟ್ಟು, "ಹೇಳಿಬಿಟ್ಟಿದ್ದಾರೆ" ಎಂದರು. "ನಿನ್ನೆ ಸಂಜೆ ಆರು ಗಂಟೆಗೆ."

ಆರು ಗಂಟೆಗೆ ಅಕ್ಕ ಒಪ್ಪೋಲೆಯ ಮಾತಾಡುತ್ತ ಕೂತಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೇ ಅವಳಿಗೆ ಉತ್ತರ ಗೊತ್ತಿತ್ತು.

"ಮೇಲಕ್ಕೂ ಬರೀಬೇಕಾಗುತ್ತೆ" ಎಂದರು ಡಾಕ್ಟರಮ್ಮ. "ನಿಮ್ಮ ಒಂದು ವರ್ಷದ ಕಾಗದ ಅದೇ ಮೇಜಿನ ಮೇಲಿದೆ."

"ಗೊತ್ತು."

"ಚೀಟಿ ನನ್ನ ಹತ್ರಾನೇ ಇರಲಿ. ರಿಪೋರ್ಟಿನ ಜೊತೆ ಇಡ್ತೀನಿ. ಅದಿಲ್ದೇ ಇದ್ರೆ ನಮಗೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ."

ಅಂದು ಸಂಜೆ ಐದಕ್ಕೆ ಬೀಜದ ಫ್ಲಾಸ್ಕಿಗೆ ತಡೆ ಹಾಕುವ ಹೊತ್ತು. ಅಕ್ಕ ಕಪಾಟಿನ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತಳು.

"ಹಾಕು."

"ನಾನಾ?" ಎಂದಳು ಮೌಸಮ್ಮ.

"ಇಲ್ಲಿ ಬೇರೆ ಯಾರಿದ್ದಾರೆ?"

"ಮುಟ್ಟಲಾ ಅಕ್ಕಾ, ನಿಜವಾಗ್ಲೂ?"

"ಮುಟ್ಟದೇ ಹೇಗೆ ಹಾಕ್ತೀಯ, ಮೌಸಿನಲ್ಲಾ?"

ಮೌಸಮ್ಮ ಹಾಕಿದಳು. ಅಕ್ಕ ಕೈ ಹಿಂದೆ ಕಟ್ಟಿಕೊಂಡು ನೋಡಿದಳು. ಮುಚ್ಚಳ ಎತ್ತುವಾಗ ಒಮ್ಮೆ ಮಾತ್ರ ಅಕ್ಕನ ಬೆರಳು ಕದಲಿತು. ಬುಧವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಕೊಯ್ಲು. ಪುಸ್ತಕದ ಖಾನೆಯ ಮುಂದೆ ಮೌಸಮ್ಮನ ಪೆನ್ನು ನಿಂತಾಗ ಅಕ್ಕ ಹೇಳಿದಳು, "ಗಂಟೆ ಬರಿ. ನಿಮಿಷಾನೂ ಬರಿ." ಆಮೇಲೆ ತಾನು ಕೆಂಪು ಶಾಯಿಯ ಪೆನ್ನು ತೆಗೆದು, ಹಿಂದಿನ ವಾರದ ಸಾಲಿನಲ್ಲಿ ತನ್ನ ಪದಕ್ಕೆ ಒಂದು ಗೆರೆ ಎಳೆದಳು. ಪದ ಓದಲು ಸಿಗುವಂತೆ ಒಂದೇ ಗೆರೆ. ಪಕ್ಕದಲ್ಲಿ ಮೂವತ್ತೊಂಬತ್ತು ಗಂಟೆ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದಳು.

ಇಪ್ಪತ್ತು ಕೋಶ ನೋಡಿದರು. ಡಾಕ್ಟರಮ್ಮ ಇನ್ನೂ ಮೂವತ್ತು ನೋಡಿಸಿದರು. ಐವತ್ತರಲ್ಲೂ ನಲವತ್ತಾರು. ಮೌಸಮ್ಮ ಒಂದೊಂದಕ್ಕೂ ಗಂಟು ಎಣಿಸಿದಳು. ಯಾರೂ ಹೇಳದೆಯೇ ಎರಡು ಕೋಶಕ್ಕೆ ನೆರೆಹೊರೆ ಚೀಟಿಯನ್ನೂ ಬರೆದಳು. ಮೂರರ ಪಕ್ಕ ಹದಿನಾಲ್ಕು, ಹದಿನಾಲ್ಕರ ಪಕ್ಕ ಆರು, ಎಲ್ಲ ಕಲಸಿಹೋಗಿತ್ತು, ಇರಬೇಕಾದ ಹಾಗೆ.

ಶುಕ್ರವಾರ ಮೂರಕ್ಕೆ ಗಂಡ ಹೆಂಡತಿ ಬಂದರು. ಡಾಕ್ಟರಮ್ಮ ರಿಪೋರ್ಟು ಕೊಟ್ಟು, ವರ್ಣತಂತುಗಳ ಸಂಖ್ಯೆ ಸರಿ ಇದೆ ಎಂದರು. ಬೆಳವಣಿಗೆ ನಿಧಾನ ಎಂಬ ಮಾತು ಹಾಗೇ ಉಳಿದಿದೆ, ಅದನ್ನು ತಿಂಗಳು ತಿಂಗಳೂ ನೋಡುತ್ತಿರಬೇಕು ಎಂದೂ ಹೇಳಿದರು. ತಪ್ಪು ಎಲ್ಲಿ ಆಯಿತೆಂದೂ ಮುಚ್ಚಿಡದೆ ಹೇಳಿದರು. ಬಾಗಿಲು ತೆರೆದಿತ್ತು. ಕಾರಿಡಾರಿನಲ್ಲಿ ಸ್ಲೈಡಿನ ಪೆಟ್ಟಿಗೆ ಹಿಡಿದು ಹೋಗುತ್ತಿದ್ದ ಅಕ್ಕನಿಗೆ ಆ ಹೆಂಗಸಿನ ಬೆನ್ನು ಮಾತ್ರ ಕಂಡಿತು. ಅವಳು ಅಳುತ್ತಿರಲಿಲ್ಲ. "ಸೋಮವಾರದಿಂದ ಇಲ್ಲೀ ತನಕ ನಾಲ್ಕು ದಿನ" ಎನ್ನುತ್ತಿದ್ದಳು, ಯಾರನ್ನೂ ಬೈಯದೆ, ಬರೀ ಎಣಿಸುವವಳ ಹಾಗೆ. ಅಕ್ಕ ಒಳಗೆ ಹೋಗಬೇಕೆಂದುಕೊಂಡಳು. ಹೋಗಿ ಏನು ಹೇಳುವುದೆಂದು ಹೊಳೆಯುವ ಮೊದಲು ಅವರು ಎದ್ದು ಮೆಟ್ಟಿಲಿಳಿದಿದ್ದರು.

ಒಂದು ವರ್ಷದ ಕಾಗದ ಹತ್ತು ದಿನದ ಮೇಲೆ ವಾಪಸು ಬಂತು, ಈಗ ಆ ಹುದ್ದೆಯ ಅಗತ್ಯವಿಲ್ಲ ಎಂಬ ಒಂದು ಸಾಲಿನೊಂದಿಗೆ. ಡಾಕ್ಟರಮ್ಮ ಮತ್ತೆ ಬರೆಯುತ್ತೇನೆ ಎಂದರು. ಅಕ್ಕ ಬೇಡ ಎಂದಳು. ಉಳಿದ ವಾರಗಳಲ್ಲಿ ಅವಳು ಹೊಸ ಫ್ಲಾಸ್ಕು ಯಾವುದನ್ನೂ ಶುರು ಮಾಡಲಿಲ್ಲ; ತನ್ನ ಹಳೆಯ ಫ್ಲಾಸ್ಕುಗಳನ್ನು ಒಂದೊಂದಾಗಿ ಮೌಸಮ್ಮನ ಕೈಯಲ್ಲೇ ಮಾಡಿಸಿ ಮುಗಿಸಿದಳು. ಬೈಗುಳ ಪೂರ್ತಿ ನಿಂತಿರಲಿಲ್ಲ, ಆದರೆ ಫ್ಲಾಸ್ಕು ಕೆಳಗಿಟ್ಟ ಮೇಲೆ ಬೈಯುವುದು ಎಂದು ಒಂದು ಒಪ್ಪಂದವಾಗಿತ್ತು.

ಕೊನೆಯ ದಿನ ಐದೂವರೆಗೆ ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಇದ್ದ. ಮೂವತ್ತನಾಲ್ಕು ವರ್ಷದಲ್ಲಿ ಅವನು ದಿನಾ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದ.

"ಹೇಗಿತ್ತು ಇವತ್ತು?"

"ರೂಢಿ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಚಪ್ಪಲಿ ಬಿಟ್ಟು, ಒಳಗೆ ಬಂದು, ಕುರ್ಚಿಯಲ್ಲಿ ಕೂತಳು. "ಬೆಳಿಗ್ಗೆ ಎಂಟಕ್ಕೆ ಹೋದೆ. ಎಂಟು ಇಪ್ಪತ್ತಕ್ಕೆ ಒಂದು ಕೊಯ್ಲಾಯ್ತು, ಅವಳೇ ಮಾಡಿದ್ಲು" ಎಂದು ಶುರು ಮಾಡಿದಳು. ಗಂಡ ಪೆನ್ಸಿಲು ಕೆಳಗಿಟ್ಟು ಎದುರಿಗೆ ಕೂತ. ಹೇಳಿ ಮುಗಿಸಲು ಅವಳಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.